ಹಚಿಕೊ ನಾಯಿ: ಹರಿದಾಡುತ್ತಿರುವ ಸಂದೇಶಕ್ಕೆ ಸ್ಪಷ್ಟನೆ

‘ಮಾಲೀಕ ರೈಲು ಅಪಘಾತದಲ್ಲಿ ಸತ್ತ, ಹಚಿಕೊ ಹತ್ತು ವರ್ಷ ನಿಲ್ದಾಣ ಬಿಟ್ಟು ಕದಲಲಿಲ್ಲ, ಸತ್ತ ಮೇಲೆ ಪ್ರತಿಮೆ ಮಾಡಿಸಿದರು’ ಎಂಬ ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ. ಮೂರೂ ತಪ್ಪು.

ಹಚಿಕೊದ ಮಾಲೀಕ, ಜಪಾನಿನ ಟೋಕಿಯೊದ ಪ್ರೊಫೆಸರ್ ಹಿದೆಸಬುರೊ ಉಯೆನೊ ಅವರು 1925ರ ಮೇ 21ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಆಗ ಹಚಿಕೊಗೆ ಒಂದೂವರೆ ವರ್ಷ. ಮುಂದೆ ಅವರ ತೋಟ ನೋಡಿಕೊಂಡಿದ್ದವರ ಮನೆಯಲ್ಲಿ ಅದಕ್ಕೆ ಊಟ, ಆಸರೆ ಎರಡೂ ಸಿಕ್ಕಿತು. ಆದರೂ ಉಯೆನೊ ಮರಳುತ್ತಿದ್ದ ಸಂಜೆ ರೈಲಿನ ಹೊತ್ತಿಗೆ ಟೋಕಿಯೊದ ಶಿಬುಯಾ ನಿಲ್ದಾಣಕ್ಕೆ ಹೋಗಿ, ಇಳಿದು ಬರುವವರ ಮುಖ ನೋಡುತ್ತಾ ನಿಲ್ಲುತ್ತಿತ್ತು. ಕಟ್ಟಿಹಾಕದ, ಹಸಿವಿಲ್ಲದ ನಾಯಿ ತಾನಾಗಿಯೇ ಹೋಗುತ್ತಿತ್ತಲ್ಲ, ನನ್ನ ಕಣ್ಣಿಗೆ ಇದೇ ದೊಡ್ಡದು.

ಪ್ರತಿಮೆ ನಿಂತದ್ದು 1934ರ ಏಪ್ರಿಲ್‌ನಲ್ಲಿ. ಅನಾವರಣಕ್ಕೆ ಹಚಿಕೊ ಖುದ್ದು ಬಂದಿತ್ತು! ಆ ಪ್ರತಿಮೆಯನ್ನು ಯುದ್ಧದ ಕಾಲದಲ್ಲಿ ಕರಗಿಸಿದರು, ಈಗಿರುವುದು 1948ರದ್ದು. ಜೋತುಬಿದ್ದ ಎಡಗಿವಿಯನ್ನೂ ಹಾಗೇ ಕಡೆದಿದ್ದಾರೆ.

‘ಅಂಗಡಿಯವರು ಹಾಕುವ ಮಾಂಸಕ್ಕಾಗಿ ಬರುತ್ತಿತ್ತು, ಮಾಂಸ ಪೋಣಿಸಿದ ಕಡ್ಡಿ ಚುಚ್ಚಿಯೇ ಸತ್ತಿತು’ ಎನ್ನುವವರೂ ಇದ್ದಾರೆ. ಹೊಟ್ಟೆಯಲ್ಲಿ ಕಡ್ಡಿಗಳು ಸಿಕ್ಕಿದ್ದು ನಿಜ. ಆದರೆ ಸಾವಿಗೆ ಅವು ಕಾರಣವಲ್ಲ. ಕಾಪಿಟ್ಟಿದ್ದ ಅಂಗಾಂಗಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 2011ರಲ್ಲಿ ತಿಳಿಸಿದಂತೆ ಅದಕ್ಕೆ ಕ್ಯಾನ್ಸರ್ ಇತ್ತು, ಹೃದಯದಲ್ಲಿ ಹುಳುಗಳೂ ಇದ್ದವು. 1935ರ ಮಾರ್ಚ್ 8ರಂದು ಶಿಬುಯಾದ ಬೀದಿಯಲ್ಲಿ ಅದು ಸತ್ತುಬಿದ್ದಿತ್ತು.