ಕರ್ಚೀಫಿನ ಶಿರಾಜ್

ನನ್ನ ಭಾಮೈದ ಅಮೆರಿಕದಿಂದ ರಜೆಗೆ ಬರುವಾಗಲೆಲ್ಲ ನನ್ನನ್ನು ಉದ್ಧಾರ ಮಾಡಲು ಒಂದು ಪ್ಲಾನ್ ಇಟ್ಟುಕೊಂಡೇ ಬರುತ್ತಾನೆ. ಹೋದ ಸಲ ಬೆಳಿಗ್ಗೆ ಓಡಿಸಿದ್ದ. ಈ ಸಲ ವೈನ್. "ಭಾವ, ನಂದಿ ಬೆಟ್ಟದ ಹತ್ರಾನೇ ದ್ರಾಕ್ಷಿ ತೋಟ ಇದೆ. ಟೇಸ್ಟಿಂಗ್ ಮಾಡಿಸ್ತಾರೆ. ಒಂದ್ಸಲನಾದ್ರೂ ಒಳ್ಳೆ ವೈನ್ ಹೆಂಗೆ ಕುಡಿಯೋದು ಅಂತ ಕಲೀರಿ" ಅಂದ. ತಲೆಗೆ ಸಾವಿರ ಚಿಲ್ಲರೆ. ದುಡ್ಡು ಅವನದ್ದೇ. ಬೇಡ ಅನ್ನೋಕೆ ನನಗೇನು ಹುಚ್ಚಾ?

ಒಂದೇ ತೊಂದರೆ ಅಂದರೆ ಹಿಂದಿನ ರಾತ್ರಿಯಿಂದ ನನಗೆ ಶೀತ. ಮೂಗು ಎರಡೂ ಕಡೆ ಬಂದ್. ಹೊರಡುವ ಹೊತ್ತಿಗೆ ಹೆಂಡತಿ ಊಟಿಯಿಂದ ತಂದಿದ್ದ ನೀಲಗಿರಿ ಎಣ್ಣೆಯನ್ನು ಕರ್ಚೀಫಿಗೆ ಎರಡು ಹನಿ ಹಾಕಿ ಅಂಗಿ ಜೇಬಿಗೆ ತುರುಕಿದಳು. ಎರಡು ಹನಿ ಅಂತ ಅವಳು ಹೇಳುತ್ತಾಳೆ. ದೇವನಹಳ್ಳಿ ದಾಟುವಷ್ಟರಲ್ಲಿ ನನ್ನ ಮೂಗು ಮಾತ್ರ ಅಲ್ಲ, ಕಾರಿನಲ್ಲಿದ್ದ ಮೂರೂ ಜನರ ಮೂಗು ಬಿಟ್ಟುಕೊಂಡಿತ್ತು, ಆಮೇಲೆ ಅದು ಅಭ್ಯಾಸವಾಗಿ ಯಾರಿಗೂ ವಾಸನೆಯೇ ಗೊತ್ತಾಗಲಿಲ್ಲ.

ತೋಟದಲ್ಲಿ ಕಪ್ಪು ಏಪ್ರನ್ ಹಾಕಿದ್ದ ಒಬ್ಬ ಹುಡುಗ ನಮ್ಮನ್ನು ಸುತ್ತಾಡಿಸಿದ. ಕಪ್ಪು ದ್ರಾಕ್ಷಿ ಹಿಂಡಿದರೂ ರಸ ಬಹುತೇಕ ಬಿಳಿಚಾಗೇ ಇರುತ್ತದೆ, ಕೆಂಪು ಬರೋದು ಸಿಪ್ಪೆಯಿಂದ ಅಂದ. ಇದು ನನಗೆ ಗೊತ್ತಿರಲಿಲ್ಲ. "ಬೆಂಗಳೂರು ಬ್ಲೂ ಹಾಕಲ್ವಾ?" ಅಂತ ಕೇಳಿದೆ. ನಾವು ಹಿಂದೆ ಬಾಡಿಗೆಗಿದ್ದ ಮನೆಯ ಓನರ್ ಆಂಟಿ ಕ್ರಿಸ್‌ಮಸ್‌ಗೆ ಪಿಂಗಾಣಿ ಜಾಡಿಯಲ್ಲಿ ಅದೇ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ ಹಾಕಿ ವೈನ್ ಮಾಡುತ್ತಿದ್ದರು. ಅದನ್ನು ಬಿಟ್ಟರೆ ನನಗೆ ಬೇರೆ ವೈನ್ ಗೊತ್ತಿಲ್ಲ. ಹುಡುಗ ಪಾಪ, ನಕ್ಕು, "ಅದು ಜ್ಯೂಸಿಗೆ ಚೆನ್ನಾಗಿರುತ್ತೆ ಸರ್" ಅಂದ. 2013ರಲ್ಲಿ ಜಿಐ ಟ್ಯಾಗ್ ತಗೊಂಡ ನಮ್ಮೂರ ದ್ರಾಕ್ಷಿಗೆ ಈ ಮರ್ಯಾದೆ.

ಆಮೇಲೆ ಟೇಬಲ್. ಒಟ್ಟು ಹನ್ನೆರಡು ಜನ. ಎದುರಿಗೆ ಗ್ಲಾಸುಗಳು, ನಡುವೆ ಒಂದು ಸ್ಟೀಲ್ ಬಕೆಟ್. ಬಾಯಲ್ಲಿ ಆಡಿಸಿ ಉಗಿಯೋಕಂತೆ. ನಮ್ಮಜ್ಜ ಎಲೆಯಡಿಕೆ ಹಾಕಿ ಜಗಲಿಯಿಂದಲೇ ಗುರಿ ತಪ್ಪದೆ ಉಗಿಯುತ್ತಿದ್ದವರು, ಆ ವಿದ್ಯೆ ನನಗೂ ಸ್ವಲ್ಪ ಬಂದಿದೆ. ಆದರೆ ಸಾವಿರ ರೂಪಾಯಿ ಉಗಿಯೋಕೆ ಮನಸ್ಸು ಬರಬೇಕಲ್ಲ. ನುಂಗಿದೆ. ಎಲ್ಲವನ್ನೂ ನುಂಗಿದೆ.

ಗ್ಲಾಸನ್ನು ಕಾಂಡ ಹಿಡಿದು ಗಿರಗಿರ ಆಡಿಸಬೇಕು, ಆಗ ಆಲ್ಕೋಹಾಲ್ ಜೊತೆ ವಾಸನೆ ಮೇಲೇಳುತ್ತದೆ. ಊಟದ ಕೊನೆಗೆ ಮಜ್ಜಿಗೆ ಲೋಟಕ್ಕೆ ನೀರು ಹಾಕಿ ಕಲಕಿ ಕುಡಿಯುವ ಮನೆಯವನು ನಾನು, ಇದು ಸಲೀಸಾಗಿ ಬಂತು. ಆಮೇಲೆ ಬಾಯಿಗೆ ಗಾಳಿ ಎಳೆದುಕೊಳ್ಳುತ್ತಾ ಸೊರ್ ಅಂತ ಹೀರಬೇಕಂತೆ. ಸಾರನ್ನು ಹಾಗೆ ಹೀರಿದ್ದಕ್ಕೆ ಚಿಕ್ಕವನಿದ್ದಾಗ ಅಮ್ಮನ ಕೈಯಲ್ಲಿ ಎಷ್ಟು ತಿಂದಿದ್ದೇನೋ.

ಮೊದಲು ಸೊವಿನ್ಯೊನ್ ಬ್ಲಾಂಕ್. "ಏನ್ ವಾಸನೆ ಬರ್ತಿದೆ?" ಭಾಮೈದ ಕಣ್ಣು ಮುಚ್ಚಿ "ಕೊಯ್ದ ಹುಲ್ಲು" ಅಂದ. ಭೇಷ್ ಅನ್ನಿಸಿಕೊಂಡ. ಈ ವೈನಿಗೆ ಬೆಕ್ಕಿನ ಉಚ್ಚೆ ವಾಸನೆ ಅಂತಲೂ ಹೇಳುತ್ತಾರಂತೆ, ಅದೂ ಹೊಗಳಿಕೆಯಂತೆ! ಇನ್ನೊಂದು ಬಿಳಿ ವೈನ್ ಬಂತು, ಹೋಯಿತು. ಆಮೇಲೆ ಕೆಂಪು ವೈನ್, ಕ್ಯಾಬರ್ನೆ. ಒಬ್ಬೊಬ್ಬರೂ ಬ್ಲ್ಯಾಕ್‌ಬೆರಿ, ಬ್ಲ್ಯಾಕ್‌ಕರಂಟ್ ಅನ್ನತೊಡಗಿದರು. ಆ ಹನ್ನೆರಡು ಜನರಲ್ಲಿ ಬ್ಲ್ಯಾಕ್‌ಕರಂಟನ್ನು ಐಸ್‌ಕ್ರೀಮ್ ಬಿಟ್ಟು ಬೇರೆಲ್ಲಾದರೂ ಕಂಡವರು ಇದ್ದರೋ ಇಲ್ಲವೋ. ನನಗಂತೂ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡ ಹಾಗಾಯಿತು. "ಒಗರು" ಅಂದೆ. ಅದೇ ಟ್ಯಾನಿನ್ ಅಂದ ಹುಡುಗ, ಸಿಪ್ಪೆ ಬೀಜದಿಂದ ಬರುತ್ತದೆ. ಅಯ್ಯೋ, ತೀರ್ಥಹಳ್ಳಿ ಕಡೆಯವನಿಗೆ ಇದನ್ನು ಹೇಳಿಕೊಡಬೇಕಾ? ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಉಳಿಯುವ ಚೊಗರಿನ ಬಣ್ಣವೂ ಹೆಚ್ಚುಕಮ್ಮಿ ಇದೇ. ಇದನ್ನು ಹೇಳಿದೆ. ಯಾರೂ ತಲೆ ಆಡಿಸಲಿಲ್ಲ.

ಕೊನೆಗೆ ಶಿರಾಜ್, ಅದೂ ಕೆಂಪು ವೈನೇ. ಅಷ್ಟೊತ್ತಿಗೆ ನಾನು ನುಂಗಿದ್ದೆಲ್ಲ ತಲೆಗೇರಿತ್ತು. ಮೀಸೆ ಒರೆಸಿಕೊಂಡು ಕರ್ಚೀಫನ್ನು ಎಡಗೈಲೇ ಹಿಡಿದುಕೊಂಡು ಗ್ಲಾಸಿಗೆ ಮೂಗು ಇಳಿಸಿದೆ. ಘಂ ಅಂತು! ಈ ದಿನ ಮೊದಲ ಸಲ ನನಗೆ ಸ್ಪಷ್ಟವಾಗಿ ಒಂದು ವಾಸನೆ ಸಿಕ್ಕಿತ್ತು. "ನೀಲಗಿರಿ!" ಅಂತ ಕೂಗಿಯೇಬಿಟ್ಟೆ.

ಹುಡುಗನ ಮುಖ ಅರಳಿತು. ಆಸ್ಟ್ರೇಲಿಯಾದಲ್ಲಿ ನೀಲಗಿರಿ ಮರಗಳ ಪಕ್ಕದ ತೋಟದ ಕೆಂಪು ವೈನಿಗೆ ನಿಜವಾಗಲೂ ಈ ವಾಸನೆ ಬರುತ್ತದಂತೆ. ಮರದ ಎಣ್ಣೆಯ ಅಂಶ ದ್ರಾಕ್ಷಿ ಮೇಲೆ ಕೂರುತ್ತದೆ, ಕೆಂಪು ವೈನನ್ನು ಸಿಪ್ಪೆ ಸಮೇತ ಹುದುಗಿಸುವುದರಿಂದ ಒಳಗೂ ಇಳಿಯುತ್ತದೆ. ಎಲ್ಲರೂ ಕಿಟಕಿ ಕಡೆ ನೋಡಿದರು. ಆಚೆ, ಆ ಸೀಮೆಯಲ್ಲಿ ಎಲ್ಲಿ ನೋಡಿದರೂ ಇರುವ ಹಾಗೆ, ಒಂದು ನೀಲಗಿರಿ ತೋಪು. ಮುಗೀತು. ಎದುರಿನ ಮೇಡಂ ಮೂಸಿ "ಹೌದಲ್ವಾ" ಅಂದರು. ಅವರ ಗಂಡನಿಗೆ ನೀಲಗಿರಿ ಜೊತೆ ಪುದೀನವೂ ಸಿಕ್ಕಿತು. ಭಾಮೈದ ನನ್ನ ಹೆಗಲಿಗೆ ಹೆಗಲು ತಾಗಿಸಿ ಕೂತಿದ್ದರಿಂದ ಅವನಿಗೆ ಸಿಕ್ಕಿದ್ದು ದೊಡ್ಡದಲ್ಲ, ಆದರೆ ಟೇಬಲ್ಲಿನ ಆ ತುದಿಯವರಿಗೆ ಹೇಗೆ ಸಿಕ್ಕಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಹೆಂಡತಿ ಒಬ್ಬಳೇ ಸುಮ್ನೆ ನನ್ನ ಎಡಗೈ ನೋಡುತ್ತಿದ್ದಳು.

ಮನೆಗೆ ಬಂದ ಮೇಲೆ ಇದರ ಬಗ್ಗೆ ಹುಡುಕಿ ಓದಿದೆ. ಫ್ರಾನ್ಸಿನ ಬೋರ್ಡೋದಲ್ಲಿ ಫ್ರೆಡೆರಿಕ್ ಬ್ರೋಶೆ ಅನ್ನುವವರು ವೈನ್ ವಿದ್ಯೆಯನ್ನೇ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆ ಇಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟಿದ್ದರಂತೆ. ಅವರೆಲ್ಲ ಅದನ್ನು ಕೆಂಪು ವೈನಿನ ಮಾತುಗಳಲ್ಲೇ ವರ್ಣಿಸಿದರು. 2001ರಲ್ಲಿ ಅದು ಅಚ್ಚೂ ಆಗಿದೆ. ಓದಿ ನನಗೆ ಸ್ವಲ್ಪ ಸಮಾಧಾನವಾಯಿತು, ಹೆಂಡತಿಗೆ ಆಗಲಿಲ್ಲ. "ಅವನಿಗೆ ನಿಜ ಹೇಳಿಬಿಡಿ" ಅಂದಳು. ಆದರೆ ಭಾವ ಅಂದ್ರೆ ಭಾವ, ಎಂಥ ಮೂಗು ಅಂತ ದಾರಿಯುದ್ದಕ್ಕೂ ಹೊಗಳಿದವನಿಗೆ ಹೇಗೆ ಹೇಳುವುದು? ಅಲ್ಲೇ ಆ ಶಿರಾಜಿನ ಎರಡು ಬಾಟಲಿಯನ್ನೂ ಕೊಂಡಿದ್ದ.

ಹೋದ ವಾರ ರಾತ್ರಿ ಹನ್ನೊಂದಕ್ಕೆ ಫೋನು. ಅಲ್ಲಿ ಆರು ಜನ ಸ್ನೇಹಿತರನ್ನು ಊಟಕ್ಕೆ ಕರೆದು ಬಾಟಲಿ ತೆಗೆದಿದ್ದಾನೆ. ದನಿ ತಗ್ಗಿಸಿ, "ಭಾವ, ಎಷ್ಟು ಮೂಸಿದ್ರೂ ಆ ನೀಲಗಿರಿ ಬರ್ತಾನೇ ಇಲ್ಲ. ಬಾಟಲಿ ಕೆಟ್ಟಿದ್ಯಾ?" ಅಂದ.

ಹೆಂಡತಿ ಪಕ್ಕದಲ್ಲೇ ಮಲಗಿದ್ದಳು. ಕಣ್ಣು ಬಿಟ್ಟು ನನ್ನನ್ನೇ ನೋಡಿದಳು.

"ಇನ್ನೂ ಸ್ವಲ್ಪ ಹೊತ್ತು ಗಾಳಿಗೆ ಬಿಡು ಮಾರಾಯ" ಅಂದೆ. "ಬರುತ್ತೆ."