ಹಬ್ಬದ ದಿನ ದುಡಿದವರಿಗೆ ಎರಡು ಪಟ್ಟು ಸಂಬಳ ಕೈಗೇ ಬರಲಿ

ದೀಪಾವಳಿ, ದಸರಾ, ಯುಗಾದಿ ಬಂತೆಂದರೆ ಕೆಎಸ್‌ಆರ್‌ಟಿಸಿ ಹೆಚ್ಚುವರಿ ಬಸ್ ಬಿಡುತ್ತದೆ. ಮೆಜೆಸ್ಟಿಕ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಾವೆಲ್ಲ ಊರು ತಲುಪಿ ಎಣ್ಣೆ ಸ್ನಾನಕ್ಕೆ ಕೂರುವ ಹೊತ್ತಿಗೆ, ನಮ್ಮನ್ನು ಕರೆತಂದ ಡ್ರೈವರ್, ಕಂಡಕ್ಟರ್ ವಾಪಸ್ ಟ್ರಿಪ್‌ಗೆ ಹೊರಟಿರುತ್ತಾರೆ. ಅವರ ಮನೆಯಲ್ಲೂ ಹಬ್ಬ ಇರುತ್ತದೆ ಅಲ್ವಾ?

ನಮ್ಮ ರಾಜ್ಯದಲ್ಲಿ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳಿಗೆಂದೇ 1963ರ ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಜೊತೆಗೆ ಕೆಲವು ಹಬ್ಬಗಳು. ಆ ದಿನ ಕೆಲಸ ಮಾಡಿಸಿದರೆ ಎರಡು ಪಟ್ಟು ಸಂಬಳ ಕೊಡಬೇಕು. ಅಥವಾ ಆ ದಿನದ ಸಂಬಳ ಕೊಟ್ಟು, ಇನ್ನೊಂದು ದಿನ ಸಂಬಳದ ರಜೆ ಕೊಡಬೇಕು.

ಈ ಎರಡನೇ ದಾರಿಯ ಬಗ್ಗೆಯೇ ನನ್ನ ತಕರಾರು. ಜನ ಕಡಿಮೆ ಇರುವ ಡಿಪೋದಲ್ಲಿ ಬದಲಿ ರಜೆ ಕೇಳಿದರೆ ರೂಟಿಗೆ ಯಾರನ್ನು ಹಾಕುವುದು? ರಜೆ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಸಿಕ್ಕರೂ ಯಾವುದೋ ಮಂಗಳವಾರ ಸಿಗುತ್ತದೆ, ಮಕ್ಕಳು ಶಾಲೆಗೆ ಹೋಗಿರುತ್ತಾರೆ. ಹಬ್ಬ ಅಂತೂ ವಾಪಸ್ ಬರುವುದಿಲ್ಲ, ದುಡ್ಡಾದರೂ ಕೈಗೆ ಬರಲಿ. ರಜೆ ಬೇಕೋ ದುಡ್ಡು ಬೇಕೋ ಎಂದು ದುಡಿದವರೇ ಹೇಳಬೇಕು, ಮೇಲಿನವರಲ್ಲ.

ಇದು ಸುಮ್ನೆ ಕೇಳಿದರೆ ಸಿಗುವುದಿಲ್ಲ, ಮಾತುಕತೆಯಲ್ಲಿ ಬರೆಸಿಕೊಳ್ಳಬೇಕು. ಆದರೆ ಮಾತುಕತೆಯ ಸ್ಥಿತಿ ನೋಡಿ. ಸಾರಿಗೆ ನಿಗಮಗಳಲ್ಲಿ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಆಗುವ ರೂಢಿ. 2020ರ ಜನವರಿಯಿಂದ ಆಗಬೇಕಿದ್ದ ಶೇ 15ರ ಹೆಚ್ಚಳ ಕೈಗೆ ಬಂದದ್ದು 2023ರ ಮಾರ್ಚ್‌ನಿಂದ. ನಡುವಿನ 38 ತಿಂಗಳ ಬಾಕಿಗಾಗಿ 2025ರ ಆಗಸ್ಟ್ 5ರಂದು ಮತ್ತೆ ಬಸ್ ನಿಲ್ಲಿಸಬೇಕಾಯಿತು. ಹೈಕೋರ್ಟ್ ಮಧ್ಯೆ ಬಂತು, ಮುಷ್ಕರ ನಿಂತಿತು. ಅಷ್ಟರಲ್ಲಿ 2024ರ ಜನವರಿಯ ಪರಿಷ್ಕರಣೆಯ ದಿನವೂ ದಾಟಿ ಹೋಗಿತ್ತು.

2021ರ ಏಪ್ರಿಲ್ ಮುಷ್ಕರದಲ್ಲಂತೂ ಯುಗಾದಿ ದಿನವೂ ಹೆಚ್ಚಿನ ಸರ್ಕಾರಿ ಬಸ್ಸುಗಳು ಓಡಲಿಲ್ಲ. ಊರಿಗೆ ಹೋಗಲಾಗದವರು ನೌಕರರನ್ನು ಬೈದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ವರ್ಷವಿಡೀ ಕೇಳಿದ್ದಕ್ಕೆ ಉತ್ತರ ಕೊಡದವರನ್ನು ಯಾರೂ ಕೇಳಲಿಲ್ಲ. ವಜಾ, ವರ್ಗಾವಣೆಯ ಪೆಟ್ಟು ಬಿದ್ದದ್ದೂ ಕೆಳಗಿನವರಿಗೇ.

ಸಂಘಟನೆಗಳಿಗೂ ಒಂದು ಮಾತು. ಒಬ್ಬರು ಸರ್ಕಾರಿ ನೌಕರರ ಸಮಾನ ವೇತನ ಬೇಕು ಅನ್ನುತ್ತಾರೆ, ಇನ್ನೊಬ್ಬರು ನಾಲ್ಕು ವರ್ಷದ ಒಪ್ಪಂದವೇ ಸಾಕು ಅನ್ನುತ್ತಾರೆ. ಇಬ್ಬರ ವಾದದಲ್ಲೂ ಹುರುಳಿದೆ. ಆದರೆ ಈ ಜಗಳ ಜಾಸ್ತಿಯಾದಷ್ಟೂ ಸರ್ಕಾರಕ್ಕೆ ಆರಾಮ. ನೌಕರರೇ ವೋಟು ಹಾಕಿ, ತಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ತೀರ್ಮಾನಿಸಲಿ. ಆ ಚುನಾವಣೆಯನ್ನು ನಿಗಮಗಳು ಬೇಗ ನಡೆಸಲಿ. ಗೆದ್ದವರು ಮೊದಲ ಸಭೆಯಲ್ಲೇ ಹಬ್ಬದ ಡ್ಯೂಟಿಯ ಎರಡು ಪಟ್ಟು ಸಂಬಳವನ್ನು ಬೇಡಿಕೆ ಪಟ್ಟಿಗೆ ಸೇರಿಸಲಿ, ಅದು ಆಯಾ ತಿಂಗಳ ಸಂಬಳದ ಜೊತೆಯೇ ಬರಬೇಕು ಎಂಬ ಷರತ್ತಿನೊಂದಿಗೆ.