ಹಕ್ಕಿ ನೋಡುವ ಅರ್ಥಶಾಸ್ತ್ರದ ಮೇಷ್ಟ್ರು

ನಿನ್ನೆ ಮೈಸೂರಿನಲ್ಲಿ ಬೀಳ್ಕೊಡುಗೆ ಸಮಾರಂಭವೊಂದನ್ನು ಮುಗಿಸಿ ಮನೆಗೆ ಬಂದಾಗಿನಿಂದ ನನಗೆ ಸಮಾಧಾನವಿಲ್ಲ. ನನಗೆ ಅರ್ಥಶಾಸ್ತ್ರ ಕಲಿಸಿದ ಮೇಷ್ಟ್ರು ನಿವೃತ್ತರಾದರು. ಪರಿಚಯ ಭಾಷಣ ಮಾಡಿದವರು ಅವರ ಪ್ರಬಂಧಗಳು, ವಿಚಾರ ಸಂಕಿರಣಗಳು, ಸಮಿತಿಗಳ ಸದಸ್ಯತ್ವ ಎಲ್ಲವನ್ನೂ ಉದ್ದಕ್ಕೆ ಓದಿ, ಕೊನೆಯಲ್ಲಿ ‘ಬಿಡುವಿನ ವೇಳೆಯಲ್ಲಿ ಹಕ್ಕಿ ನೋಡುವ ಹವ್ಯಾಸವೂ ಇದೆ’ ಎಂದರು. ಸಭೆ ನಕ್ಕಿತು. ಅಧ್ಯಾಪಕರೇ ತುಂಬಿದ್ದ ಸಭೆ ಅದು.

ಮಂಡ್ಯದ ಕಬ್ಬು ಬೆಳೆಯುವ ಮನೆಯಿಂದ ಬಂದವಳು ಇಂದು ಇದೇ ವಿಷಯವನ್ನು ಬೋಧಿಸುತ್ತಿರುವುದಕ್ಕೆ ಆ ಹವ್ಯಾಸವೇ ಕಾರಣವೆಂದು ಹಲವರಿಗೆ ಹೇಳಿಲ್ಲ. ಮೊದಲ ವರ್ಷ ನನಗೆ ಪಠ್ಯದ ರೇಖಾಚಿತ್ರಗಳು ಏನನ್ನೂ ಹೇಳುತ್ತಿರಲಿಲ್ಲ. ವಿಷಯ ಬದಲಿಸುವ ಅರ್ಜಿಯನ್ನೂ ಬರೆದಿಟ್ಟಿದ್ದೆ. ಆಗ ಮೇಷ್ಟ್ರು ನಮ್ಮನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ದರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಗೂಡಿರುವ ಮರದ ಹುಣಸೆಹಣ್ಣನ್ನು ಮಾಲೀಕರು ಬಡಿದು ಇಳಿಸುವಂತಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ. ಮೀನು ತಿನ್ನುವ ಆ ಹಕ್ಕಿಗಳ ಹಿಕ್ಕೆಯನ್ನು ಊರಿನವರು ಹಿಂದಿನಿಂದಲೂ ಹೊಲಕ್ಕೆ ಗೊಬ್ಬರವಾಗಿ ಬಳಸಿದವರು. ಮರದ ಕೆಳಗೆ ನಿಂತ ಮೇಷ್ಟ್ರು, ಹಕ್ಕಿಯಿಂದ ಯಾರಿಗೆ ಲಾಭ, ಯಾರಿಗೆ ನಷ್ಟ, ನೋಡಲು ಬಂದ ನಾವು ಕೊಡದೆ ಹೋಗುವ ಬೆಲೆಯನ್ನು ಯಾರು ಭರಿಸುತ್ತಾರೆ ಎಂದು ಒಂದೊಂದಾಗಿ ಕೇಳುತ್ತಾ ಹೋದರು. ಒಬ್ಬರ ಕೆಲಸದ ಲಾಭ ನಷ್ಟ ಬೆಲೆಯಿಲ್ಲದೆ ಇನ್ನೊಬ್ಬರ ಮೇಲೆ ಬೀಳುವ ಬಾಹ್ಯ ಪರಿಣಾಮವೆಂಬ ಅಧ್ಯಾಯ ನನಗೆ ತಿಳಿದದ್ದು ಅಲ್ಲಿ. ಅರ್ಜಿಯನ್ನು ಹರಿದು ಹಾಕಿದೆ.

ಸಂಬಳ ಪಡೆಯುವ ಪ್ರಾಧ್ಯಾಪಕರು ಸಂಶೋಧನೆಗೆ ಸಮಯ ಕೊಡಬೇಡವೇ ಎಂದು ಪಕ್ಕದಲ್ಲಿದ್ದ ಸಹೋದ್ಯೋಗಿಯೊಬ್ಬರು ಕೇಳಿದರು. ಕೊಡಲೇಬೇಕು, ಮೇಷ್ಟ್ರು ಕೊಟ್ಟೂ ಇದ್ದಾರೆ. ಆದರೆ ಅಧ್ಯಾಪಕರ ಸಾಧನೆಯನ್ನು ಅಂಕಗಳಲ್ಲಿ ಅಳೆಯುವ ಪದ್ಧತಿಯನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2010ರಲ್ಲಿ ತಂದ ಮೇಲೆ, ಅಂಕ ಸಿಗದ ಕೆಲಸವೆಲ್ಲ ವ್ಯರ್ಥವೆಂಬ ಭಾವನೆ ನಮ್ಮಲ್ಲಿ ಎಷ್ಟು ಬೇರೂರಿದೆಯೆಂದರೆ, ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ದುರ್ಬೀನು ಹಿಡಿದು ನಿಂತವರನ್ನು ಕಂಡರೆ ನಮಗೆ ಸೋಮಾರಿಗಳಂತೆ ತೋರುತ್ತಾರೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅವರನ್ನೂ ಹೀಗೆಯೇ ಅಳೆಯುತ್ತೀರಾ? ಅರ್ಥಶಾಸ್ತ್ರದ ದಿಕ್ಕನ್ನು ಬದಲಿಸಿದ ಅವರ ಗ್ರಂಥ ಹೊರಬಂದ 1936ರಲ್ಲೇ ಅವರು ಕೇಂಬ್ರಿಜ್‌ನಲ್ಲಿ ರಂಗಮಂದಿರವೊಂದನ್ನು ತೆರೆದರು. ಅದೇ ವರ್ಷ ಹರಾಜಿಗೆ ಬಂದ ನ್ಯೂಟನ್ನರ ಹಸ್ತಪ್ರತಿಗಳು ಚದುರಿಹೋಗದಂತೆ ಕೊಂಡು ಕೂಡಿಸತೊಡಗಿದರು. ಬ್ಯಾಲೆ ನರ್ತಕಿಯನ್ನು ಮದುವೆಯಾದ ಅವರು ಯುದ್ಧಕಾಲದಲ್ಲಿ ಖಜಾನೆಯ ಕೆಲಸದ ನಡುವೆಯೇ ಬ್ರಿಟನ್ನಿನ ಕಲಾ ಮಂಡಳಿಯನ್ನೂ ಕಟ್ಟಿದರು.

ಹಾಗೆಂದು ಹವ್ಯಾಸ ಪಾಠಕ್ಕೆ ಒದಗಲೇಬೇಕೆಂದು ನಾನು ವಾದಿಸುವುದಿಲ್ಲ. ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಗಣಪತಿ ಉತ್ಸವದಲ್ಲಿ ಮೇಷ್ಟ್ರು ಕಛೇರಿ ಮುಗಿದು ಮಂಗಳ ಹಾಡುವವರೆಗೆ ಕೂರುತ್ತಾರೆ. ಅದರಿಂದ ಯಾವ ಅಧ್ಯಾಯವೂ ಹುಟ್ಟಿಲ್ಲ, ಹುಟ್ಟಬೇಕಾಗಿಯೂ ಇಲ್ಲ. ಶ್ರಮದ ಪೂರೈಕೆಯನ್ನು ಬೋಧಿಸುವಾಗ ನಾವೇ ವಿರಾಮವನ್ನು ಮನುಷ್ಯ ಬಯಸಿ ಪಡೆಯುವ ಸರಕೆಂದೂ, ಬಿಟ್ಟುಕೊಟ್ಟ ಕೂಲಿಯೇ ಅದರ ಬೆಲೆಯೆಂದೂ ಹೇಳುತ್ತೇವೆ. ಆ ಬೆಲೆಯನ್ನು ತಿಳಿದೇ ತೆತ್ತ ಮನುಷ್ಯರನ್ನು ಕಂಡು ನಗುವುದು ನಮ್ಮ ಶಾಸ್ತ್ರಕ್ಕೇ ಮಾಡುವ ಅಗೌರವ.

ಜನವರಿಯಲ್ಲಿ ನನ್ನ ವಿದ್ಯಾರ್ಥಿಗಳನ್ನು ಕೊಕ್ಕರೆ ಬೆಳ್ಳೂರಿಗೆ ಕರೆದೊಯ್ಯುತ್ತಿದ್ದೇನೆ, ಮೇಷ್ಟ್ರು ಜೊತೆಗೆ ಬರಲು ಒಪ್ಪಿದ್ದಾರೆ. ಬಸ್ಸಿನಲ್ಲಿ ಜಾಗವಿದೆ. ನಿನ್ನೆ ಸಭೆಯಲ್ಲಿದ್ದ ಮಿತ್ರರು ಬರುವುದಾದರೆ ದಯವಿಟ್ಟು ತಿಳಿಸಿ.